ಮಂಗೋಲ್ ಸಾಮ್ರಾಜ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಶಾಲೆಯ ಪಾಠಗಳಲ್ಲಿ ಮಂಗೋಲರು ಬರುವುದು ದೆಹಲಿ ಸುಲ್ತಾನರ ಅಧ್ಯಾಯದ ನಡುವೆ, ಅದೂ ಎರಡು ಸಾಲಿನಲ್ಲಿ. ಗಡಿಯಾಚೆಯಿಂದ ಬಂದರು, ದೋಚಿದರು, ಅಷ್ಟೇ. ಆದರೆ 13ನೇ ಶತಮಾನದ ಮಟ್ಟಿಗೆ ಕೊರಿಯಾದಿಂದ ಹಂಗೇರಿಯವರೆಗೆ ಯಾವ ನಾಡಿನ ಚರಿತ್ರೆ ತೆಗೆದರೂ ಇವರು ಎದುರಾಗುತ್ತಾರೆ. ಈ ವಿಷಯ ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕೆಲವಕ್ಕೆ ಎರಡು ಮಾತಿನ ಉತ್ತರ ಸಾಕು. ಕೆಲವನ್ನು ಸ್ವಲ್ಪ ನಿಧಾನವಾಗಿ ಓದಬೇಕು.

ಚೆಂಗೀಸ್ ಖಾನ್ ಮುಸ್ಲಿಮನಾ? ಹೆಸರಲ್ಲೇ ಖಾನ್ ಇದೆಯಲ್ಲ?

ಅಲ್ಲ. ಖಾನ್ ಎಂಬುದು ಮಧ್ಯ ಏಷ್ಯಾದ ಹುಲ್ಲುಗಾವಲಿನ ಒಡೆಯರ ಬಿರುದು. ಧರ್ಮಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಕಡೆಗೆ ಅದು ತುರ್ಕರು, ಅಫ್ಘನ್ನರ ಜೊತೆ ಬಂದಿದ್ದರಿಂದ ನಮಗೆ ಹಾಗೆ ಕೇಳಿಸುತ್ತದೆ. ಚೆಂಗೀಸ್ ಪೂಜಿಸುತ್ತಿದ್ದದ್ದು ತೆಂಗ್ರಿಯನ್ನು, ಅಂದರೆ ಆಕಾಶ ದೇವರನ್ನು. ಬುರ್ಖಾನ್ ಖಾಲ್ದುನ್ ಎಂಬ ಬೆಟ್ಟ ಅವನಿಗೆ ಪವಿತ್ರವಾಗಿತ್ತು. ಬಾಗ್ದಾದಿನ ಖಲೀಫನನ್ನು ಕೊಲ್ಲಿಸಿದ್ದೇ ಅವನ ಮೊಮ್ಮಗ ಹುಲಗು. ಅದೇ ವಂಶದ ಕೆಲವು ಕವಲುಗಳು ಮುಂದೆ ಇಸ್ಲಾಂಗೆ ಸೇರಿದವು, ಅದು ಬೇರೆ ಮಾತು.

ಅವನು ಮೇಲೆ ಬಂದಿದ್ದು ಹೇಗೆ?

ಹುಟ್ಟು ಹೆಸರು ತೆಮುಜಿನ್. ಹುಟ್ಟಿದ ವರ್ಷ 1162 ಎಂದು ಹೇಳುವುದು ರೂಢಿ, ಅದರ ಬಗ್ಗೆ ಒಮ್ಮತವಿಲ್ಲ. ಸುಮಾರು ಒಂಬತ್ತು ವರ್ಷದವನಿದ್ದಾಗ ಅಪ್ಪ ಯೆಸುಗೈಗೆ ತಾತಾರ್ ಕುಲದವರು ವಿಷ ಹಾಕಿದರು. ಗಂಡ ಸತ್ತ ಮೇಲೆ ತಾಯಿ ಹೊಯೆಲುನ್ ಮತ್ತು ಮಕ್ಕಳನ್ನು ಸ್ವಂತ ಕುಲದವರೇ ನಡುದಾರಿಯಲ್ಲಿ ಬಿಟ್ಟು ಹೋದರು. ಗೆಡ್ಡೆ ಗೆಣಸು ಅಗೆದು, ಮೀನು ಹಿಡಿದು ಬದುಕಿದ ಸಂಸಾರ ಅದು. ಹುಡುಗ ತೆಮುಜಿನ್ ತನ್ನ ಮಲ ಅಣ್ಣನನ್ನೇ ಬಾಣ ಬಿಟ್ಟು ಕೊಂದ. ಒಮ್ಮೆ ತಾಯಿಚಿಯುದ್ ಕುಲದವರ ಕೈಗೆ ಸಿಕ್ಕಿ, ಕುತ್ತಿಗೆಗೆ ಮರದ ನೊಗ ಹಾಕಿಸಿಕೊಂಡು ಸೆರೆಯಲ್ಲಿದ್ದು ತಪ್ಪಿಸಿಕೊಂಡ. ಇದೆಲ್ಲ ಮಂಗೋಲರೇ ಬರೆದಿಟ್ಟ ಕಥೆ. ತಮ್ಮ ನಾಯಕ ಮಾಡಿದ ಕೊಲೆಯನ್ನೂ ಮುಚ್ಚಿಡಲಿಲ್ಲ ಎನ್ನುವುದು ಗಮನಿಸಬೇಕಾದ ಸಂಗತಿ.

ಮದುವೆಯಾದ ಕೆಲವೇ ದಿನಗಳಲ್ಲಿ ಹೆಂಡತಿ ಬೋರ್ತೆಯನ್ನು ಮೆರ್ಕಿತ್ ಕುಲದವರು ಎತ್ತಿಕೊಂಡು ಹೋದರು. ಅವಳನ್ನು ಬಿಡಿಸಿಕೊಳ್ಳಲು ತೆಮುಜಿನ್ ಇಬ್ಬರ ನೆರವು ಕೇಳಿದ. ಒಬ್ಬ ಅಪ್ಪನ ಗೆಳೆಯ, ಕೆರೆಯಿತ್ ಕುಲದ ತೊಗ್ರುಲ್. ಇನ್ನೊಬ್ಬ ಬಾಲ್ಯದಲ್ಲಿ ಆಣೆ ಇಟ್ಟು ಅಣ್ಣತಮ್ಮಂದಿರಾಗಿದ್ದ ಜಮುಖಾ. ಬೋರ್ತೆ ಮರಳಿ ಸಿಕ್ಕಳು. ಸ್ವಲ್ಪ ದಿನಕ್ಕೇ ಹಿರಿಮಗ ಜೋಚಿ ಹುಟ್ಟಿದ. ಅವನ ಅಪ್ಪ ಯಾರು ಎಂಬ ಅನುಮಾನ ಕೊನೆಯವರೆಗೂ ಹೋಗಲಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ನೆರವಾದ ಆ ಇಬ್ಬರೂ ಕೊನೆಗೆ ತೆಮುಜಿನ್‌ನ ಶತ್ರುಗಳಾದರು, ಇಬ್ಬರನ್ನೂ ಅವನು ಸೋಲಿಸಿದ.

1206ರಲ್ಲಿ ಅಂಥದ್ದೇನಾಯಿತು?

ಓನೋನ್ ನದಿಯ ಹತ್ತಿರ ಕುರುಲ್ತಾಯ್ ಸೇರಿತು. ಕುರುಲ್ತಾಯ್ ಅಂದರೆ ಕುಲದ ಮುಖ್ಯಸ್ಥರ ಮಹಾಸಭೆ. ಅಲ್ಲಿ ತೆಮುಜಿನ್‌ಗೆ ಚೆಂಗೀಸ್ ಖಾನ್ ಎಂಬ ಬಿರುದು ಸಿಕ್ಕಿತು. ಎಲ್ಲ ಪುಸ್ತಕಗಳೂ ಇಷ್ಟು ಹೇಳುತ್ತವೆ. ನಮ್ಮ ಪ್ರಕಾರ ಬಿರುದಿಗಿಂತ ದೊಡ್ಡದು ಅದರ ಜೊತೆಗೆ ಅವನು ಮಾಡಿದ ವ್ಯವಸ್ಥೆ.

ಇಡೀ ಜನಾಂಗವನ್ನು ಹತ್ತು, ನೂರು, ಸಾವಿರ, ಹತ್ತು ಸಾವಿರದ ಗುಂಪುಗಳಾಗಿ ಒಡೆದ. ಆ ವರ್ಷ ಸಾವಿರದ 95 ಗುಂಪುಗಳಿಗೆ ನಾಯಕರನ್ನು ನೇಮಿಸಿದ ಎಂಬ ಪಟ್ಟಿ ಉಳಿದಿದೆ. ಸೋತ ಕುಲದವರನ್ನು ಒಂದೇ ಕಡೆ ಇರಲು ಬಿಡದೆ ಬೇರೆ ಬೇರೆ ಗುಂಪುಗಳಿಗೆ ಹಂಚಿದ. ತಾತಾರ, ನೈಮಾನ, ಕೆರೆಯಿತ ಎಂಬ ಹಳೆಯ ಗುರುತುಗಳು ಹೀಗೆ ಕರಗಿದವು. ನೀನು ಯಾರು ಎಂದರೆ ಯಾವ ಸಾವಿರದವನು ಎಂದು ಹೇಳಬೇಕು. ಗುಂಪು ಬಿಟ್ಟು ಗುಂಪಿಗೆ ಹೋದವನಿಗೆ ಮರಣದಂಡನೆ.

ನಾಯಕರ ಆಯ್ಕೆಯಲ್ಲೂ ಹುಟ್ಟು ನೋಡಲಿಲ್ಲ. ಜೆಬೆ ಎಂಬ ದಂಡನಾಯಕ ಮೊದಲು ಶತ್ರು ಪಾಳೆಯದಲ್ಲಿದ್ದವನು, ಯುದ್ಧದಲ್ಲಿ ಬಾಣ ಬಿಟ್ಟು ಖಾನನ ಕುದುರೆಯನ್ನು ಉರುಳಿಸಿದವನು. ಸಿಕ್ಕಿಬಿದ್ದಾಗ 'ಬಿಟ್ಟಿದ್ದು ನಾನೇ' ಎಂದು ಒಪ್ಪಿಕೊಂಡನಂತೆ. ಅವನನ್ನು ಕೊಲ್ಲದೆ ಜೊತೆಗಿಟ್ಟುಕೊಂಡರು. ನ್ಯಾಯ ನೋಡಲು ನೇಮಕವಾದ ಶಿಗಿ ಖುತುಖು ತಾತಾರರ ಪಾಳೆಯದಲ್ಲಿ ಸಿಕ್ಕ ಅನಾಥ ಮಗು. ಮಂಗೋಲ್ ಭಾಷೆಗೆ ಲಿಪಿ ತಂದುಕೊಟ್ಟ ತಾತಾತುಂಗಾ, ಸೋತ ನೈಮಾನರ ಅರಸನ ಮುದ್ರೆ ಕಾಯುತ್ತಿದ್ದ ಉಯ್ಗುರ್ ಗುಮಾಸ್ತ. ಗೆದ್ದವರ ಮನೆಯಲ್ಲಿ ಸೋತವರಿಗೆ ಇಷ್ಟು ಜಾಗ ಸಿಕ್ಕ ಉದಾಹರಣೆ ಆ ಕಾಲದಲ್ಲಿ ಕಡಿಮೆ.

ಅಷ್ಟು ಕಡಿಮೆ ಜನ ಇಷ್ಟು ದೊಡ್ಡ ಜಗತ್ತನ್ನು ಗೆದ್ದದ್ದು ಹೇಗೆ?

ನಿಜವಾಗಿಯೂ ಕಡಿಮೆ ಜನ. ಚೆಂಗೀಸ್ ಸಾಯುವಾಗ ಮಂಗೋಲ್ ಸೈನ್ಯ 1,29,000 ಎಂದು ಪರ್ಷಿಯಾದ ಮಂತ್ರಿ ರಶೀದ್ ಅಲ್-ದೀನ್ ಲೆಕ್ಕ ಕೊಡುತ್ತಾನೆ. ಸಾಮ್ರಾಜ್ಯ ಅತಿ ದೊಡ್ಡದಾಗಿದ್ದಾಗ ಸುಮಾರು 2.4 ಕೋಟಿ ಚದರ ಕಿಲೋಮೀಟರ್, ಅಂದರೆ ಇವತ್ತಿನ ಭಾರತದ ಏಳು ಪಟ್ಟು. ನೆಲಕ್ಕೆ ನೆಲ ಅಂಟಿಕೊಂಡ ಸಾಮ್ರಾಜ್ಯಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಕುದುರೆ ಮತ್ತು ಬಿಲ್ಲು ಎಂದು ಎಲ್ಲರೂ ಹೇಳುತ್ತಾರೆ. ಸರಿಯೇ. ಮಂಗೋಲ್ ಕುದುರೆ ಗಿಡ್ಡ, ನೋಡಲು ಚಂದವೇನಿಲ್ಲ. ಆದರೆ ಹಿಮವನ್ನು ಗೊರಸಿನಿಂದ ಕೆರೆದು ಅಡಿಯ ಹುಲ್ಲು ತಿಂದು ಚಳಿಗಾಲ ಕಳೆಯುತ್ತದೆ. ಮೇವಿನ ಗಾಡಿ ಬೇಡ. ಒಬ್ಬೊಬ್ಬ ಸವಾರನ ಜೊತೆ ಮೂರು ನಾಲ್ಕು ಕುದುರೆ ಇರುತ್ತಿದ್ದವು. ಒಂದು ದಣಿದರೆ ಇನ್ನೊಂದು. ಹೆಣ್ಣು ಕುದುರೆಯ ಹಾಲೇ ದಾರಿಯ ಊಟ. ಮರ, ಕೊಂಬು, ನರಗಳನ್ನು ಅಂಟಿಸಿ ಮಾಡಿದ ಬಿಲ್ಲು ಚಿಕ್ಕದಾದರೂ ಬಲ ಜಾಸ್ತಿ. ಓಡುವ ಕುದುರೆಯ ಮೇಲಿಂದ ಹಿಂದಕ್ಕೆ ತಿರುಗಿ ಹೊಡೆಯಬಹುದು. ಸೋತು ಓಡುವ ನಾಟಕ ಆಡಿ, ಬೆನ್ನಟ್ಟಿ ಬಂದವರನ್ನು ಸುತ್ತುವರಿಯುವುದು ಇವರ ಮೆಚ್ಚಿನ ಪಟ್ಟು. 1223ರಲ್ಲಿ ಕಾಲ್ಕಾ ನದಿಯ ಬಳಿ ರಷ್ಯಾದ ದೊರೆಗಳು ಹೀಗೇ ದಿನಗಟ್ಟಲೆ ಬೆನ್ನಟ್ಟಿ ಹೋಗಿ ನಾಶವಾದರು.

ಆದರೆ ಕುದುರೆ, ಬಿಲ್ಲು ಹುಲ್ಲುಗಾವಲಿನ ಎಲ್ಲರ ಹತ್ತಿರವೂ ಇದ್ದವು, ಅಲ್ವಾ? ಹೂಣರ ಹತ್ತಿರವೂ, ತುರ್ಕರ ಹತ್ತಿರವೂ. ವ್ಯತ್ಯಾಸ ಮಾಡಿದ್ದು ಮೇಲೆ ಹೇಳಿದ ವ್ಯವಸ್ಥೆ, ಜೊತೆಗೆ ಬೇರೆಯವರ ವಿದ್ಯೆ ಕಲಿಯಲು ನಾಚಿಕೆಪಡದ ಗುಣ. ಮೊದಮೊದಲು ಇವರಿಗೆ ಕೋಟೆ ಹಿಡಿಯಲು ಬರುತ್ತಿರಲಿಲ್ಲ. ಉತ್ತರ ಚೀನಾದಲ್ಲಿ ಕಲಿತರು. ಐವತ್ತು ವರ್ಷ ಆದಮೇಲೆ ದಕ್ಷಿಣ ಚೀನಾದ ಶಿಯಾಂಗ್‌ಯಾಂಗ್ ಕೋಟೆ ವರ್ಷಗಟ್ಟಲೆ ಬಗ್ಗದಿದ್ದಾಗ, ಪಶ್ಚಿಮ ಏಷ್ಯಾದಿಂದ ಮುಸ್ಲಿಂ ಎಂಜಿನಿಯರುಗಳನ್ನು ಕರೆಸಿ ದೊಡ್ಡ ಕವಣೆಯಂತ್ರ ಕಟ್ಟಿಸಿದರು. 1273ರಲ್ಲಿ ಕೋಟೆ ಬಿತ್ತು.

ಮಳೆಯೂ ಕೈಹಿಡಿಯಿತು. ಮಂಗೋಲಿಯಾದ ಹಳೆಯ ಮರಗಳ ಉಂಗುರಗಳನ್ನು ಅಳೆದ ವಿಜ್ಞಾನಿಗಳು 1211ರಿಂದ 1225ರವರೆಗೆ ಅಲ್ಲಿ ಸತತವಾಗಿ ಒಳ್ಳೆಯ ಮಳೆಯಾಗಿತ್ತು ಎಂದು 2014ರಲ್ಲಿ ತೋರಿಸಿದರು. ಹುಲ್ಲು ಹೆಚ್ಚಿದರೆ ಕುದುರೆ ಹೆಚ್ಚುತ್ತದೆ.

ಚೀನಾದ ಮಹಾಗೋಡೆ ಇವರನ್ನು ತಡೆಯಲಿಲ್ಲವೇ?

ಇವತ್ತು ಪ್ರವಾಸಿಗರು ಹತ್ತುವ ಇಟ್ಟಿಗೆ-ಕಲ್ಲಿನ ಗೋಡೆ ಮಿಂಗ್ ವಂಶದವರದ್ದು. ಮಂಗೋಲರನ್ನು ಓಡಿಸಿದ ಮೇಲೆ, ಅವರು ಮತ್ತೆ ಬರಬಾರದು ಎಂದು ಕಟ್ಟಿದ್ದು. ಚೆಂಗೀಸ್ ಕಾಲದಲ್ಲಿ ಉತ್ತರ ಚೀನಾ ಆಳುತ್ತಿದ್ದ ಜಿನ್ ಅರಸರ ಮಣ್ಣಿನ ಒಡ್ಡು, ಕಂದಕಗಳು ಇದ್ದವು. 1211ರಲ್ಲಿ ಅವನ್ನು ದಾಟಿ ನುಗ್ಗಿದರು, 1215ರಲ್ಲಿ ಈಗಿನ ಬೀಜಿಂಗ್ ಇರುವ ಜಾಗದ ರಾಜಧಾನಿ ಕೈಸೇರಿತು.

ವ್ಯಾಪಾರಿಗಳ ಕೊಲೆಯಿಂದ ಇಡೀ ಮಧ್ಯ ಏಷ್ಯಾ ಹಾಳಾಯಿತು ಅನ್ನುವುದು ನಿಜವಾ?

ಬಹುಮಟ್ಟಿಗೆ ನಿಜ. 1218ರಲ್ಲಿ ಚೆಂಗೀಸ್ ಕಳಿಸಿದ ಸುಮಾರು 450 ವ್ಯಾಪಾರಿಗಳ ತಂಡ ಒತ್ರಾರ್ ಎಂಬ ಗಡಿ ಊರಿಗೆ ಬಂತು. ಈಗ ಅದು ಕಝಾಕ್‌ಸ್ತಾನದಲ್ಲಿದೆ. ಅಲ್ಲಿನ ಅಧಿಕಾರಿ ಇನಾಲ್ಚುಕ್ ಅವರನ್ನು ಗೂಢಚಾರರೆಂದು ಹಿಡಿದು ಕೊಲ್ಲಿಸಿ ಸರಕು ವಶಪಡಿಸಿಕೊಂಡ. ಗೂಢಚಾರರು ಇರಲಿಲ್ಲ ಅಂತಲ್ಲ. ಆ ಕಾಲದ ವ್ಯಾಪಾರಿಗಳು ಸುದ್ದಿಯನ್ನೂ ಹೊರುತ್ತಿದ್ದರು. ಚೆಂಗೀಸ್ ಆಗಲೂ ನೇರ ಯುದ್ಧಕ್ಕೆ ಹೋಗದೆ, ಆ ಅಧಿಕಾರಿಯನ್ನು ಒಪ್ಪಿಸಿ ಎಂದು ಒತ್ರಾರ್ ಸೇರಿದ್ದ ಖ್ವಾರಜ್ಮ್ ರಾಜ್ಯದ ದೊರೆ ಮುಹಮ್ಮದ್ ಷಾನಿಗೆ ಮೂವರು ರಾಯಭಾರಿಗಳನ್ನು ಕಳಿಸಿದ. ಷಾ ಒಬ್ಬನನ್ನು ಕೊಲ್ಲಿಸಿದ, ಇನ್ನಿಬ್ಬರ ಗಡ್ಡ ಬೋಳಿಸಿ ವಾಪಸು ಅಟ್ಟಿದ. ಮಂಗೋಲರಲ್ಲಿ ರಾಯಭಾರಿಯ ಮೈ ಮುಟ್ಟುವುದಕ್ಕಿಂತ ದೊಡ್ಡ ಅಪರಾಧವಿಲ್ಲ.

ಷಾನ ಸೈನ್ಯ ದೊಡ್ಡದಿತ್ತು. ಆದರೆ ತನ್ನ ದಂಡನಾಯಕರ ಮೇಲೆ ಅವನಿಗೇ ನಂಬಿಕೆಯಿರಲಿಲ್ಲ. ಹೆಚ್ಚಿನವರು ತಾಯಿ ತೆರ್ಕೆನ್ ಖಾತೂನಳ ಕಡೆಯವರು, ತಾಯಿ ಮಗನಿಗೆ ಸರಿಬರುತ್ತಿರಲಿಲ್ಲ. ಹಾಗಾಗಿ ಸೈನ್ಯವನ್ನು ಒಂದೆಡೆ ಸೇರಿಸದೆ ಊರೂರಿನ ಕೋಟೆಗಳಿಗೆ ಹಂಚಿದ. ಮಂಗೋಲರು ಒಂದೊಂದಾಗಿ ಮುರಿದರು. 1220ರಲ್ಲಿ ಬುಖಾರಾ, ಸಮರ್ಖಂಡ್. 1221ರಲ್ಲಿ ಉರ್ಗೆಂಚ್, ಮೆರ್ವ್, ನಿಶಾಪುರ್. ಷಾ ಓಡಿ ಓಡಿ ಕೊನೆಗೆ ಕ್ಯಾಸ್ಪಿಯನ್ ಸಮುದ್ರದ ಒಂದು ದ್ವೀಪದಲ್ಲಿ ಸತ್ತ.

ನಾಲ್ಕು ಕೋಟಿ ಜನರನ್ನು ಕೊಂದರು ಎನ್ನುತ್ತಾರಲ್ಲ?

ವಾಟ್ಸಾಪಿನಲ್ಲಿ ತಿರುಗುವ ಈ ಅಂಕಿಯನ್ನು ಯಾರೂ ಎಣಿಸಿದ್ದಲ್ಲ. ಹಳೆಯ ಚೀನೀ ಜನಗಣತಿಗಳ ನಡುವಿನ ವ್ಯತ್ಯಾಸದ ಮೇಲೆ ಕಟ್ಟಿದ ಅಂದಾಜು ಅದು. ಜನಗಣತಿಯಲ್ಲಿ ಸಂಖ್ಯೆ ಇಳಿಯಲು ಸಾವೊಂದೇ ಕಾರಣವಲ್ಲ. ವಲಸೆ, ಕ್ಷಾಮ, ಎಣಿಸುವ ಅಧಿಕಾರಿಗಳೇ ಇಲ್ಲದಿರುವುದು, ಎಲ್ಲವೂ ಸೇರಿರುತ್ತದೆ. ಆ ಕಾಲದ ಬರಹಗಾರರ ಅಂಕಿಗಳೂ ಹಾಗೇ. ಮೆರ್ವ್ ನಗರದಲ್ಲಿ ಹೆಣಗಳನ್ನು 13 ದಿನ ಎಣಿಸಿದರು, 13 ಲಕ್ಷಕ್ಕೂ ಹೆಚ್ಚಿದ್ದವು ಎಂದು ಪರ್ಷಿಯಾದ ಚರಿತ್ರೆಕಾರ ಜುವೈನಿ ಬರೆದ. ಅಷ್ಟು ಜನಕ್ಕೆ ಆ ಊರಲ್ಲಿ ನೀರೇ ಸಾಲುತ್ತಿರಲಿಲ್ಲ.

ಹಾಗಂತ ಕೊಲೆ ಕಡಿಮೆ ಎಂದಲ್ಲ. ಬಾಗ್ದಾದಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಕೊಂದೆ ಎಂದು ಹುಲಗು ತಾನೇ ಫ್ರಾನ್ಸಿನ ದೊರೆಗೆ ಪತ್ರ ಬರೆದು ಹೇಳಿಕೊಂಡ. ಶರಣಾದರೆ ತೆರಿಗೆ, ಎದುರಿಸಿದರೆ ಕತ್ತಿ, ಶರಣಾಗಿ ಮತ್ತೆ ದಂಗೆಯೆದ್ದರೆ ಊರೇ ಇಲ್ಲ. ಈ ಸುದ್ದಿ ಮುಂದಿನ ಊರಿಗೆ ಮೊದಲೇ ತಲುಪಲಿ ಎಂಬುದೂ ಲೆಕ್ಕಾಚಾರವೇ. ದೊಡ್ಡ ಸಂಖ್ಯೆಗಳನ್ನು ಹರಡುವುದರಲ್ಲಿ ಮಂಗೋಲರಿಗೂ ಲಾಭವಿತ್ತು. ಕೈಕಸುಬಿನವರನ್ನು ಮಾತ್ರ ಬೇರೆ ಮಾಡಿ ಉಳಿಸುತ್ತಿದ್ದರು. ಉಳಿಸುವುದೆಂದರೆ ಬಿಟ್ಟುಬಿಡುವುದಲ್ಲ, ಸಾವಿರಾರು ಮೈಲಿ ದೂರಕ್ಕೆ ದುಡಿಯಲು ಸಾಗಿಸುವುದು.

ಭಾರತಕ್ಕೆ ಯಾಕೆ ಬರಲಿಲ್ಲ?

ಬಂದಿದ್ದರು. ಮತ್ತೆ ಮತ್ತೆ ಬಂದಿದ್ದರು.

ಮೊದಲ ಸಲ 1221ರಲ್ಲಿ. ಷಾನ ಮಗ ಜಲಾಲುದ್ದೀನ್ ಸಿಂಧೂ ನದಿಯ ದಡದಲ್ಲಿ ಸೋತು, ಕುದುರೆ ಸಮೇತ ನೀರಿಗೆ ಹಾರಿ ಈಚೆ ದಡ ಸೇರಿದ. ಅವನ ಧೈರ್ಯಕ್ಕೆ ಚೆಂಗೀಸ್ ಕೂಡ ತಲೆದೂಗಿದ ಎಂಬ ಕಥೆ ಇದೆ. ಜಲಾಲುದ್ದೀನ್ ದೆಹಲಿಯ ಇಲ್ತುಮಿಷ್ ಹತ್ತಿರ ಆಶ್ರಯ ಕೇಳಿದ. ಇಲ್ತುಮಿಷ್ ಬಹಳ ನಯವಾಗಿ ಇಲ್ಲವೆಂದ. ದೆಹಲಿ ಉಳಿದದ್ದು ಆ ನಯದಿಂದಲೇ ಎಂದರೂ ತಪ್ಪಿಲ್ಲ. ಬೆನ್ನಟ್ಟಿ ಬಂದ ಒಂದು ಮಂಗೋಲ್ ತುಕಡಿ ಮುಲ್ತಾನಿನವರೆಗೆ ಹೋಗಿ, ಅಲ್ಲಿನ ಬಿಸಿಲು ತಾಳಲಾರದೆ ಹಿಂತಿರುಗಿತು. 1241ರಲ್ಲಿ ಲಾಹೋರ್ ಸೂರೆಯಾಯಿತು. 1285ರಲ್ಲಿ ಬಲ್ಬನ್‌ನ ಹಿರಿಮಗ ಮುಹಮ್ಮದ್ ಮಂಗೋಲರ ಎದುರು ಸತ್ತ. ಅವನ ಆಸ್ಥಾನದಲ್ಲಿದ್ದ ಕವಿ ಅಮೀರ್ ಖುಸ್ರೋ ಸೆರೆ ಸಿಕ್ಕು, ಹೇಗೋ ಬಿಡಿಸಿಕೊಂಡು ಬಂದ.

ದೊಡ್ಡ ಪೆಟ್ಟು ಬಂದದ್ದು ಅಲಾವುದ್ದೀನ್ ಖಿಲ್ಜಿ ಕಾಲದಲ್ಲಿ. ಆಗ ಬರುತ್ತಿದ್ದವರು ಮಧ್ಯ ಏಷ್ಯಾದವರು, ಚೆಂಗೀಸ್‌ನ ಎರಡನೇ ಮಗ ಚಗತಾಯ್ ಕವಲಿನವರು. 1299ರಲ್ಲಿ ದೆಹಲಿ ಹತ್ತಿರದ ಕಿಲಿಯಲ್ಲಿ ಯುದ್ಧವಾಯಿತು, ಖಿಲ್ಜಿಯ ದಂಡನಾಯಕ ಜಾಫರ್ ಖಾನ್ ಸತ್ತ, ಮಂಗೋಲರು ಹಿಮ್ಮೆಟ್ಟಿದರು. 1303ರಲ್ಲಿ ಇನ್ನೂ ಕೆಟ್ಟ ಹೊತ್ತು. ಖಿಲ್ಜಿ ಚಿತ್ತೋರಿನಿಂದ ಆಗಷ್ಟೇ ಬಂದಿದ್ದ. ಸೈನ್ಯದ ಇನ್ನೊಂದು ಭಾಗ ವಾರಂಗಲ್ ಕಡೆ ಹೋಗಿ ಬಳಲಿತ್ತು. ತರ್ಘಿ ಎಂಬ ಮಂಗೋಲ್ ನಾಯಕ ಸುಮಾರು ಎರಡು ತಿಂಗಳು ದೆಹಲಿಯನ್ನು ಮುತ್ತಿ ಕೂತ. ಸುಲ್ತಾನ ಸಿರಿಯ ಬಯಲಲ್ಲಿ ಕಂದಕ ತೋಡಿ ಕಾಯಬೇಕಾಯಿತು. ಅವರು ಹೋದಮೇಲೆ ಅಲ್ಲೇ ಸಿರಿ ಕೋಟೆ ಕಟ್ಟಿಸಿದ, ದೊಡ್ಡ ಸೈನ್ಯ ಕಟ್ಟಿದ. ಕಡಿಮೆ ಸಂಬಳದಲ್ಲಿ ಆ ಸೈನ್ಯ ಬದುಕಲೆಂದೇ ದೆಹಲಿಯ ಮಂಡಿಗಳಲ್ಲಿ ಧಾನ್ಯ, ಬಟ್ಟೆ, ಕುದುರೆಗೆ ಬೆಲೆ ಗೊತ್ತುಮಾಡಿದ. ಪರೀಕ್ಷೆಗೆಂದು ನಾವು ಉರುಹೊಡೆದ 'ಖಿಲ್ಜಿಯ ಮಾರುಕಟ್ಟೆ ಸುಧಾರಣೆ' ಮಂಗೋಲರ ಭಯದ ಕೂಸು. 1305, 1306ರಲ್ಲಿ ಬಂದ ದಂಡುಗಳನ್ನು ಅವನ ಸೈನ್ಯ ಬಡಿದು ಹಾಕಿತು.

ಇಸ್ಲಾಂಗೆ ಸೇರಿ ದೆಹಲಿಯ ಸುತ್ತ ನೆಲೆಸಿದ್ದ ಮಂಗೋಲರೂ ಇದ್ದರು. ಅವರನ್ನು ನವಮುಸ್ಲಿಮರು ಎನ್ನುತ್ತಿದ್ದರು. ಪಿತೂರಿಯ ಅನುಮಾನದ ಮೇಲೆ ಖಿಲ್ಜಿ ಅವರನ್ನು ಸಾಮೂಹಿಕವಾಗಿ ಕೊಲ್ಲಿಸಿದ.

ಕರ್ನಾಟಕಕ್ಕೂ ಇವರಿಗೂ ಏನಾದರೂ ನಂಟು?

ನೇರವಾಗಿ ಇಲ್ಲ. ಮಂಗೋಲ್ ದಂಡು ನರ್ಮದೆ ದಾಟಿದ್ದಿಲ್ಲ. ಆದರೆ ಸುತ್ತಿ ಬಳಸಿ ಬಿಸಿ ತಟ್ಟಿತು. 1306ರಲ್ಲಿ ಪಂಜಾಬಿನಲ್ಲಿ ಮಂಗೋಲರನ್ನು ಸೋಲಿಸಿದ ಸೈನ್ಯದ ನಾಯಕ ಮಲಿಕ್ ಕಾಫೂರ್. ಆಮೇಲೆ ಅದೇ ಮಲಿಕ್ ಕಾಫೂರ್ ದೇವಗಿರಿ, ವಾರಂಗಲ್ ಮುಗಿಸಿ 1311ರಲ್ಲಿ ದ್ವಾರಸಮುದ್ರದ ಬಾಗಿಲಿಗೆ ಬಂದ. ಹೊಯ್ಸಳ ಮೂರನೇ ವೀರಬಲ್ಲಾಳ ಆಗ ಪಾಂಡ್ಯ ಅಣ್ಣತಮ್ಮಂದಿರ ಜಗಳದಲ್ಲಿ ಲಾಭ ಹುಡುಕಿ ತಮಿಳುನಾಡಿನ ಕಡೆ ಹೋಗಿದ್ದ. ಓಡಿಬಂದು ಸಂಧಿ ಮಾಡಿಕೊಂಡ, ಆನೆ ಕುದುರೆ ಸಂಪತ್ತು ಒಪ್ಪಿಸಿದ, ಮಗನನ್ನು ದೆಹಲಿಗೆ ಕಳಿಸಬೇಕಾಯಿತು. ಮಗ ಮರಳಿದ್ದು 1313ರಲ್ಲಿ. ವಾಯವ್ಯ ಗಡಿ ಕಾಯುವ ಸೈನ್ಯಕ್ಕೆ ದುಡ್ಡು ಬೇಕಿತ್ತು, ಆ ದುಡ್ಡು ದಕ್ಷಿಣದ ಖಜಾನೆಗಳಲ್ಲಿತ್ತು. ಹಳೇಬೀಡಿನ ಕಥೆ ಹೇಳುವಾಗ ಈ ಎಳೆಯನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ.

ಯುರೋಪನ್ನು ಅರ್ಧಕ್ಕೇ ಬಿಟ್ಟು ಹೋದದ್ದು ಯಾಕೆ?

1237ರಲ್ಲಿ ರ್ಯಾಝಾನ್, 1240ರಲ್ಲಿ ಕೀವ್ ಬಿದ್ದವು. 1241ರ ಏಪ್ರಿಲ್ 9ರಂದು ಪೋಲೆಂಡಿನ ಲೆಗ್ನಿತ್ಸಾದಲ್ಲಿ, ಎರಡೇ ದಿನ ಬಿಟ್ಟು ಹಂಗೇರಿಯ ಮೋಹಿಯಲ್ಲಿ ಯುರೋಪಿನ ಸೈನ್ಯಗಳು ನುಚ್ಚುನೂರಾದವು. ಮುಂದಿನ ವರ್ಷ ಮಂಗೋಲರು ಇದ್ದಕ್ಕಿದ್ದಂತೆ ಹಿಂದೆ ಸರಿದರು. 1241ರ ಡಿಸೆಂಬರಿನಲ್ಲಿ ಮಹಾಖಾನ್ ಒಗೆದೈ ಸತ್ತಿದ್ದ, ಮುಂದಿನವರ ಆಯ್ಕೆಗೆ ಹೋಗಬೇಕಿತ್ತು ಎಂಬುದು ಹಳೆಯ ಉತ್ತರ. ಹಂಗೇರಿಯ ಹುಲ್ಲು ಅಷ್ಟು ಕುದುರೆಗಳಿಗೆ ಸಾಲುತ್ತಿರಲಿಲ್ಲ, ಆ ವರ್ಷ ನೆಲವೆಲ್ಲ ಕೆಸರಾಗಿತ್ತು, ಕಲ್ಲಿನ ಕೋಟೆಗಳು ಬಗ್ಗಲಿಲ್ಲ ಎನ್ನುವವರೂ ಇದ್ದಾರೆ. ದಂಡಿನ ನಾಯಕ, ಜೋಚಿಯ ಮಗ ಬಾತು ಊರಿಗೆ ಹೋಗದೆ ವೋಲ್ಗಾ ದಡದಲ್ಲೇ ಉಳಿದುಬಿಟ್ಟ ಎನ್ನುವುದನ್ನು ನೋಡಿದರೆ, ಒಗೆದೈ ಸಾವೊಂದೇ ಕಾರಣ ಎನ್ನಲಾಗದು.

ಪ್ರತಿ ಸಲ ಖಾನ್ ಸತ್ತಾಗ ಎಲ್ಲ ನಿಂತುಹೋಗುತ್ತಿದ್ದದ್ದು ಯಾಕೆ?

ಇಡೀ ಚರಿತ್ರೆಯ ಗಂಟು ಇಲ್ಲಿದೆ. ಮಂಗೋಲರು ಅಂಚೆ ಕಟ್ಟಿದರು, ಸೈನ್ಯ ಕಟ್ಟಿದರು, ತೆರಿಗೆ ಕಟ್ಟಿದರು. ಮುಂದಿನ ಖಾನ್ ಯಾರು ಎಂಬುದಕ್ಕೆ ಮಾತ್ರ ನಿಯಮ ಕಟ್ಟಲಿಲ್ಲ.

ಅವರ ಸಂಪ್ರದಾಯದಲ್ಲಿ ಹಿರಿಮಗನಿಗೆ ದೂರದ ಹುಲ್ಲುಗಾವಲು, ಕಿರಿಮಗನಿಗೆ ಅಪ್ಪನ ಮನೆ, ಒಲೆ. ನಮ್ಮ ಹಳ್ಳಿಗಳಲ್ಲಿ ಹೊಲ ಪಾಲಾಗುವಾಗ ಕಿರಿಯವನಿಗೆ ಹಳೇ ಮನೆ ಬಿಡುವಂತೆ. ಹಾಗಾಗಿ ಜೋಚಿಯ ಮಕ್ಕಳಿಗೆ ರಷ್ಯಾದ ಕಡೆಯ ಹುಲ್ಲುಗಾವಲು, ಚಗತಾಯ್‌ಗೆ ಮಧ್ಯ ಏಷ್ಯಾ, ಕಿರಿಯ ತೊಲುಯ್‌ಗೆ ತವರುನೆಲ. ಆಸ್ತಿ ಸರಿ, ಪಟ್ಟ ಯಾರಿಗೆ? ಜೋಚಿಯ ಹುಟ್ಟಿನ ಬಗ್ಗೆ ಅನುಮಾನ ಇತ್ತಲ್ಲ, ಚಗತಾಯ್ ಅದನ್ನು ಅಪ್ಪನ ಎದುರೇ ಎತ್ತಿ ಜಗಳ ತೆಗೆದ. ಕೊನೆಗೆ ಇಬ್ಬರಿಗೂ ಬೇಡವೆಂದು ಮೂರನೆಯವನಾದ ಒಗೆದೈಯನ್ನು ಆರಿಸಿದರು. ಕುಡುಕ, ಆದರೆ ಎಲ್ಲರಿಗೂ ಬೇಕಾದವನು. 1227ರಲ್ಲಿ ಚೆಂಗೀಸ್ ಸತ್ತ, 1229ರಲ್ಲಿ ಒಗೆದೈ ಪಟ್ಟಕ್ಕೆ ಬಂದ.

ಅಲ್ಲಿಂದ ಮುಂದೆ ಪ್ರತಿ ಸಾವಿಗೂ ಕುರುಲ್ತಾಯ್, ಪ್ರತಿ ಕುರುಲ್ತಾಯಿಗೂ ವರ್ಷಗಟ್ಟಲೆ ಎಳೆದಾಟ. ಒಗೆದೈ ಸತ್ತು ಅವನ ಮಗ ಗುಯುಕ್ ಪಟ್ಟಕ್ಕೆ ಬರುವಷ್ಟರಲ್ಲಿ 1246 ಆಗಿತ್ತು. ಅವನು ಎರಡೇ ವರ್ಷಕ್ಕೆ ಸತ್ತ. 1251ರಲ್ಲಿ ತೊಲುಯ್ ಮಗ ಮೊಂಗ್ಕೆ, ಬಾತುವಿನ ಬೆಂಬಲದಿಂದ ಪಟ್ಟ ಹಿಡಿದು, ಒಗೆದೈ ಕಡೆಯ ನೆಂಟರನ್ನು ಸಾಲಾಗಿ ಕೊಲ್ಲಿಸಿದ. 1259ರಲ್ಲಿ ಚೀನಾದ ಯುದ್ಧದ ನಡುವೆ ಅವನೂ ಸತ್ತ. ತಮ್ಮಂದಿರಾದ ಕುಬ್ಲಾಯ್ ಮತ್ತು ಅರಿಕ್ ಬೋಕೆ ಬೇರೆ ಬೇರೆ ಕುರುಲ್ತಾಯ್ ಕರೆದು ತಾವೇ ಖಾನ್ ಎಂದುಕೊಂಡರು. ನಾಲ್ಕು ವರ್ಷ ಕಾದಾಡಿದರು. 1264ರಲ್ಲಿ ಕುಬ್ಲಾಯ್ ಗೆದ್ದ. ಆದರೆ ಅಷ್ಟರಲ್ಲಿ ಒಂದೇ ಸಾಮ್ರಾಜ್ಯ ಎನ್ನುವುದು ಹೆಸರಿಗಷ್ಟೇ ಉಳಿದಿತ್ತು.

ಬಾಗ್ದಾದ್ ಗೆದ್ದವರು ಈಜಿಪ್ಟ್ ಯಾಕೆ ಗೆಲ್ಲಲಿಲ್ಲ?

ಅದೇ 1259ರ ಸಾವು. ಹುಲಗು 1256ರಲ್ಲಿ ಪರ್ಷಿಯಾದ ಅಲಮೂತ್ ಕೋಟೆ, 1258ರ ಫೆಬ್ರವರಿಯಲ್ಲಿ ಬಾಗ್ದಾದ್ ಹಿಡಿದ. ಖಲೀಫ ಮುಸ್ತಾಸಿಮ್‌ನನ್ನು ಕಂಬಳಿಯಲ್ಲಿ ಸುತ್ತಿ ಕುದುರೆಗಳಿಂದ ತುಳಿಸಿದರು ಎನ್ನುತ್ತಾರೆ. ಅರಸು ಮನೆತನದವರ ರಕ್ತ ನೆಲಕ್ಕೆ ಬೀಳಬಾರದು ಎಂಬ ಮಂಗೋಲ್ ನಂಬಿಕೆ ಹಾಗಿತ್ತು. ಸಿರಿಯಾವರೆಗೆ ಹೋದಮೇಲೆ ಮೊಂಗ್ಕೆ ಸತ್ತ ಸುದ್ದಿ ಬಂತು. ಹುಲಗು ಸೈನ್ಯದ ಹೆಚ್ಚಿನ ಭಾಗ ಕರೆದುಕೊಂಡು ಹಿಂದೆ ಸರಿದ, ಕಿತ್ಬುಕಾ ಎಂಬ ನಾಯಕನ ಹತ್ತಿರ ಸಣ್ಣ ದಂಡು ಬಿಟ್ಟ. 1260ರ ಸೆಪ್ಟೆಂಬರ್ 3ರಂದು ಐನ್ ಜಾಲೂತ್‌ನಲ್ಲಿ ಈಜಿಪ್ಟಿನ ಮಮ್ಲೂಕರು ಆ ದಂಡನ್ನು ಸೋಲಿಸಿದರು. ಮಮ್ಲೂಕರಲ್ಲಿ ಬಹಳ ಜನ ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಿನಿಂದ ಗುಲಾಮರಾಗಿ ಮಾರಾಟವಾಗಿ ಬಂದ ಕಿಪ್ಚಾಕ್ ತುರ್ಕರು. ಮಂಗೋಲರ ಪಟ್ಟುಗಳೆಲ್ಲ ಅವರಿಗೂ ಗೊತ್ತಿದ್ದವು.

ಸೇಡು ತೀರಿಸಲು ಹುಲಗುಗೆ ಬಿಡುವೇ ಸಿಗಲಿಲ್ಲ. ವೋಲ್ಗಾ ಕಡೆಯ ದೊರೆ, ಬಾತುವಿನ ತಮ್ಮ ಬೆರ್ಕೆ ಮುಸ್ಲಿಮನಾಗಿದ್ದ. ಖಲೀಫನ ಕೊಲೆಯ ಸಿಟ್ಟೂ ಇತ್ತು, ಕಾಕಸಸ್‌ನ ಹುಲ್ಲುಗಾವಲಿನ ಮೇಲೆ ಕಣ್ಣೂ ಇತ್ತು. 1262ರಲ್ಲಿ ಮಂಗೋಲರ ಮೇಲೆ ಮಂಗೋಲರೇ ಯುದ್ಧ ಹೂಡಿದರು.

ಹೆಂಗಸರು ರಾಜ್ಯ ಆಳಿದ್ದು ನಿಜವಾ?

ನಿಜ. ಒಗೆದೈ ಸತ್ತ ಮೇಲೆ ಸುಮಾರು ಐದು ವರ್ಷ ಅವನ ಹೆಂಡತಿ ತೊರೆಗೆನೆ ಸಾಮ್ರಾಜ್ಯ ನಡೆಸಿದಳು. ಮಗ ಗುಯುಕ್‌ನನ್ನು ಪಟ್ಟಕ್ಕೆ ತಂದವಳೂ ಅವಳೇ. ಆದರೆ ಅವಳಿಗಿಂತ ಜಾಣೆ ತೊಲುಯ್‌ನ ವಿಧವೆ ಸೊರ್ಘಘ್ತಾನಿ. ಕೆರೆಯಿತ್ ಕುಲದ ಕ್ರೈಸ್ತ ಹೆಣ್ಣು, ತೊಗ್ರುಲ್‌ನ ತಮ್ಮನ ಮಗಳು. ಒಗೆದೈ ತನ್ನ ಮಗನ ಜೊತೆ ಮರುಮದುವೆಯ ಮಾತೆತ್ತಿದಾಗ, ಮಕ್ಕಳನ್ನು ಬೆಳೆಸಬೇಕು ಎಂದು ಜಾರಿಕೊಂಡಳು. ಆ ಮಕ್ಕಳೇ ಮೊಂಗ್ಕೆ, ಕುಬ್ಲಾಯ್, ಹುಲಗು, ಅರಿಕ್ ಬೋಕೆ. ತಾನು ಕ್ರೈಸ್ತಳಾದರೂ ಬುಖಾರಾದಲ್ಲಿ ಮದರಸಾ ಕಟ್ಟಲು ಹಣ ಕೊಟ್ಟಳು. 1251ರ ಪಟ್ಟಾಭಿಷೇಕದ ಹಿಂದಿನ ತಲೆ ಅವಳದೇ.

ಆಡಳಿತ ಹೇಗಿತ್ತು? ಸುಮ್ನೆ ದೋಚುತ್ತಿದ್ದರಾ?

ಶುರುವಿನಲ್ಲಿ ಹೌದು. ಉತ್ತರ ಚೀನಾದ ಹೊಲಗಳನ್ನೆಲ್ಲ ಕುದುರೆ ಮೇಯಿಸುವ ಬಯಲು ಮಾಡೋಣ ಎಂಬ ಸಲಹೆಯೂ ಬಂದಿತ್ತು. ಖಿತಾನ್ ಜನಾಂಗದ ಯೆಲು ಚುತ್ಸಾಯ್ ಎಂಬ ಅಧಿಕಾರಿ ತೆರಿಗೆಯಿಂದ ವರ್ಷಕ್ಕೆ ಎಷ್ಟು ಬೆಳ್ಳಿ, ರೇಷ್ಮೆ, ಧಾನ್ಯ ಬರುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ. ಒಗೆದೈ ಒಪ್ಪಿದ. ರೈತರು ಉಳಿದರು.

ಒಗೆದೈ ಕಾಲದಲ್ಲೇ ಯಾಮ್ ಎಂಬ ಅಂಚೆ ವ್ಯವಸ್ಥೆ ಗಟ್ಟಿಯಾಯಿತು. ದಾರಿಯುದ್ದಕ್ಕೂ ಠಾಣೆ, ಅಲ್ಲಿ ಹೊಸ ಕುದುರೆ, ಊಟ. ಚೀನಾದಲ್ಲಿ ಸುಮಾರು 40 ಕಿಲೋಮೀಟರಿಗೊಂದು ಠಾಣೆ ಇತ್ತು ಎಂದು ಮಾರ್ಕೋ ಪೋಲೋ ಹೇಳುತ್ತಾನೆ. ಪೈಝಾ ಎಂಬ ಲೋಹದ ಬಿಲ್ಲೆ ತೋರಿಸಿದವನಿಗೆ ಎಲ್ಲ ಪುಕ್ಕಟೆ. ಅದರ ಖರ್ಚು ಬೀಳುತ್ತಿದ್ದದ್ದು ಸುತ್ತಲಿನ ಹಳ್ಳಿಗಳ ಮೇಲೆ. ರಾಜಮನೆತನದವರೆಲ್ಲ ಬಿಲ್ಲೆ ಹಂಚಲು ಶುರುಮಾಡಿ ಜನ ರೋಸಿಹೋದರು, ಮೊಂಗ್ಕೆ ಬಂದು ಕಡಿವಾಣ ಹಾಕಿದ.

ಧರ್ಮದ ವಿಷಯದಲ್ಲಿ ಕೈಹಾಕುತ್ತಿದ್ದದ್ದು ಕಡಿಮೆ. ಬೌದ್ಧ ಭಿಕ್ಷು, ದಾವೋ ಸನ್ಯಾಸಿ, ಪಾದ್ರಿ, ಮುಲ್ಲಾ, ಎಲ್ಲರಿಗೂ ತೆರಿಗೆ ವಿನಾಯಿತಿ. ನಮಗಾಗಿ ನಿಮ್ಮ ನಿಮ್ಮ ದೇವರನ್ನು ಬೇಡಿಕೊಳ್ಳಿ ಎಂಬುದೇ ಷರತ್ತು. 1254ರಲ್ಲಿ ರಾಜಧಾನಿ ಕಾರಕೋರಂಗೆ ಹೋದ ಪಾದ್ರಿ ವಿಲಿಯಂ ರುಬ್ರುಕ್ ಅಲ್ಲಿ 12 ವಿಗ್ರಹಾಲಯ, ಎರಡು ಮಸೀದಿ, ಒಂದು ಚರ್ಚ್ ಕಂಡ. ಇದನ್ನು ಇವತ್ತಿನ ಅರ್ಥದ ಸಹಿಷ್ಣುತೆ ಎನ್ನುವುದು ಕಷ್ಟ. ಮುಂದೆ ಕುಬ್ಲಾಯ್ ಒಮ್ಮೆ ಸಿಟ್ಟಿಗೆದ್ದು ಹಲಾಲ್ ಕಡಿಯುವುದನ್ನು ನಿಷೇಧಿಸಿದ್ದ.

ಕಾಗದದ ಹಣ ಚೀನಾದಲ್ಲಿ ಓಡಿತು. ಅದನ್ನು ನೋಡಿ ಪರ್ಷಿಯಾದ ಮಂಗೋಲ್ ದೊರೆ ಗಯ್ಖಾತು 1294ರಲ್ಲಿ ತಬ್ರೀಜಿನಲ್ಲೂ ನೋಟು ತಂದ. ಅಂಗಡಿಗಳು ಬಾಗಿಲು ಹಾಕಿದವು, ಎರಡು ತಿಂಗಳಲ್ಲಿ ಹಿಂದೆ ತೆಗೆದುಕೊಂಡರು. ಮೂವತ್ತೈದು ವರ್ಷದ ನಂತರ ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್ ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಕಟ್ಟಿದಾಗ ಏನಾಯಿತು ಎನ್ನುವುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಪ್ಲೇಗ್ ಹರಡಿದ್ದು ಇವರಾ?

ಬೇಕೆಂದು ಹರಡಿದರು ಎನ್ನಲು ಗಟ್ಟಿ ಆಧಾರವಿಲ್ಲ. 1346ರಲ್ಲಿ ಕ್ರಿಮಿಯಾದ ಕಾಫಾ ಊರಿನೊಳಗೆ ಮಂಗೋಲರು ಪ್ಲೇಗಿನಿಂದ ಸತ್ತವರ ಹೆಣ ಎಸೆದರು ಎಂಬ ಕಥೆ ಬರೆದವನು ಅಲ್ಲಿ ಇರಲೇ ಇಲ್ಲ. ಆದರೆ ಕಿರ್ಗಿಸ್ತಾನದ ಇಸ್ಸಿಕ್-ಕುಲ್ ಸರೋವರದ ಹತ್ತಿರ 1338-39ರ ಗೋರಿಗಳಲ್ಲಿ ಪ್ಲೇಗಿನ ರೋಗಾಣು ಸಿಕ್ಕಿದೆ ಎಂದು 2022ರಲ್ಲಿ ಸಾಬೀತಾಯಿತು. ವ್ಯಾಪಾರದ ದಾರಿಗಳಲ್ಲಿ ಸರಕಿನ ಜೊತೆ ರೋಗವೂ ಹೋಗಿರಬೇಕು.

ಜಗತ್ತಿನಲ್ಲಿ 200 ಗಂಡಸರಿಗೆ ಒಬ್ಬ ಚೆಂಗೀಸ್ ವಂಶದವನಂತೆ?

2003ರ ಒಂದು ಡಿಎನ್ಎ ಅಧ್ಯಯನದಿಂದ ಬಂದ ಮಾತು. ಏಷ್ಯಾದ ದೊಡ್ಡ ಭಾಗದಲ್ಲಿ ಸುಮಾರು 8% ಗಂಡಸರು ಒಂದೇ ಮೂಲ ಪುರುಷನ ಕಡೆಯವರು ಎಂದು ಕಂಡುಬಂತು, ಅವನು ಚೆಂಗೀಸ್ ಇರಬಹುದು ಎಂದು ಊಹಿಸಿದರು. ಹೋಲಿಸಿ ನೋಡಲು ಅವನ ಮೂಳೆ ಯಾರ ಹತ್ತಿರವೂ ಇಲ್ಲ. ಊಹೆ ಊಹೆಯೇ.

ಸಮಾಧಿ ಎಲ್ಲಿದೆ?

ಸಿಕ್ಕಿಲ್ಲ. ಚೀನಾದ ಓರ್ದೋಸ್‌ನಲ್ಲಿ ದೊಡ್ಡ ಸ್ಮಾರಕವಿದೆ, ಅದರೊಳಗೆ ದೇಹವಿಲ್ಲ.

ತೈಮೂರ್, ಬಾಬರ್ ಕೂಡ ಮಂಗೋಲರೇ?

ತೈಮೂರ್ ಮಂಗೋಲ್ ಮೂಲದ ಬರ್ಲಾಸ್ ಕುಲದವನು, ಆದರೆ ಆ ಹೊತ್ತಿಗೆ ಅವರು ತುರ್ಕಿ ಮಾತಾಡುವ ಮುಸ್ಲಿಮರಾಗಿದ್ದರು. ಚೆಂಗೀಸ್ ವಂಶದವನಲ್ಲ. ಹಾಗಾಗಿ ದೆಹಲಿಯಿಂದ ಅಂಕಾರಾವರೆಗೆ ಗೆದ್ದರೂ ಅವನು ತನ್ನನ್ನು ಖಾನ್ ಎಂದು ಕರೆದುಕೊಳ್ಳಲಿಲ್ಲ. ಚೆಂಗೀಸ್ ವಂಶದ ಒಬ್ಬನನ್ನು ಗೊಂಬೆಯಂತೆ ಪಟ್ಟದಲ್ಲಿ ಕೂರಿಸಿ, ಆ ಮನೆತನದ ಹೆಣ್ಣು ತಂದು 'ಅಳಿಯ' ಎಂಬ ಬಿರುದು ಇಟ್ಟುಕೊಂಡ. ಪಟ್ಟ ಚೆಂಗೀಸ್ ವಂಶಕ್ಕೇ ಸಲ್ಲಬೇಕು ಎಂಬ ನಂಬಿಕೆ ಅಷ್ಟು ಬಲವಾಗಿತ್ತು. ಬಾಬರ್ ಅಪ್ಪನ ಕಡೆಯಿಂದ ತೈಮೂರ್ ಸಂತಾನ, ತಾಯಿಯ ಕಡೆಯಿಂದ ಚೆಂಗೀಸ್ ಸಂತಾನ.

ಹಾಗಾದರೆ ಸಾಮ್ರಾಜ್ಯ ಮುಗಿದದ್ದು ಯಾವಾಗ?

ಒಂದೇ ದಿನ ಹೇಳಲಾಗದು, ನಾಲ್ಕು ಕವಲು ನಾಲ್ಕು ಥರ ಮುಗಿದವು. ಪರ್ಷಿಯಾದಲ್ಲಿ 1335ರಲ್ಲಿ ಹುಲಗು ವಂಶದ ಅಬೂ ಸಯೀದ್ ಮಕ್ಕಳಿಲ್ಲದೆ ಸತ್ತ, ನೆಂಟರು ಕಚ್ಚಾಡಿ ರಾಜ್ಯ ಚೂರಾಯಿತು. ಚೀನಾದಲ್ಲಿ ಕುಬ್ಲಾಯ್ 1271ರಲ್ಲಿ ಹೆಸರಿಟ್ಟ ಯುವಾನ್ ವಂಶ, 1279ರಲ್ಲಿ ಇಡೀ ದೇಶ ಗೆದ್ದು, ಜಪಾನಿನ ಮೇಲೆ ಎರಡು ಸಲ ಹೋಗಿ ಕೈಸುಟ್ಟುಕೊಂಡು, 1368ರಲ್ಲಿ ಬೀಜಿಂಗ್ ಬಿಟ್ಟು ಹುಲ್ಲುಗಾವಲಿಗೆ ಮರಳಿತು. ಮಧ್ಯ ಏಷ್ಯಾದ ಕವಲು 1340ರ ದಶಕದಲ್ಲಿ ಎರಡಾಯಿತು. ಜೋಚಿ ಕವಲಿಗೆ ಕಪ್ಪ ಕೊಡುತ್ತಿದ್ದ ರಷ್ಯಾದವರು ಅದನ್ನು ನಿಲ್ಲಿಸಿ 1480ರಲ್ಲಿ ಉಗ್ರಾ ನದಿಯ ದಡದಲ್ಲಿ ಎದುರು ನಿಂತರು, ದೊಡ್ಡ ಯುದ್ಧವೇ ಆಗದೆ ಖಾನ್ ಹಿಂತಿರುಗಿದ. ಜೋಚಿ ವಂಶದ ಒಂದು ಕುಡಿ ಕ್ರಿಮಿಯಾದಲ್ಲಿ 1783ರವರೆಗೂ ಆಳಿತು. ಆ ಹೊತ್ತಿಗೆ ನಮ್ಮಲ್ಲಿ ಟಿಪ್ಪು ಸುಲ್ತಾನ್ ಪಟ್ಟಕ್ಕೆ ಬಂದಿದ್ದ.

ಮಂಗೋಲಿಯಾದಲ್ಲಿ ಈಗ ಚೆಂಗೀಸ್ ಬಗ್ಗೆ ಏನನ್ನುತ್ತಾರೆ?

ಸೋವಿಯತ್ ನೆರಳಿನಲ್ಲಿದ್ದಾಗ ಅವನ ಹೆಸರು ಎತ್ತುವುದೇ ಕಷ್ಟವಿತ್ತು. 1962ರಲ್ಲಿ ಹುಟ್ಟಿದ 800ನೇ ವರ್ಷವೆಂದು ಸ್ಮಾರಕ ನಿಲ್ಲಿಸಿದ್ದಕ್ಕೆ ತೊಮೊರ್-ಒಚಿರ್ ಎಂಬ ಹಿರಿಯ ನಾಯಕ ಅಧಿಕಾರ ಕಳೆದುಕೊಂಡ. 1990ರ ನಂತರ ಎಲ್ಲ ತಿರುವುಮುರುವಾಯಿತು. ಈಗ ನೋಟಿನ ಮೇಲೆ ಅವನೇ, ವಿಮಾನ ನಿಲ್ದಾಣಕ್ಕೆ ಅವನ ಹೆಸರೇ, ವೋಡ್ಕಾ ಬಾಟಲಿಯ ಮೇಲೂ ಅವನೇ. ಉಲಾನ್‌ಬಾತರ್‌ನ ಪೂರ್ವಕ್ಕೆ ಕುದುರೆಯ ಮೇಲೆ ಕೂತ ಅವನ 40 ಮೀಟರ್ ಎತ್ತರದ ಉಕ್ಕಿನ ಪ್ರತಿಮೆ 2008ರಲ್ಲಿ ಎದ್ದಿತು. ಪ್ರವಾಸಿಗರು ಒಳಗಿನಿಂದ ಹತ್ತಿ ಕುದುರೆಯ ತಲೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಬಹುದು.